ಮಾನಿಟರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪ್: ಬ್ಯಾಟರಿ 100ರಲ್ಲಿ ಇಡಬೇಕಾ, 80ಕ್ಕೆ ನಿಲ್ಲಿಸಬೇಕಾ?

ಪ್ರಶ್ನೆ, ಮೂಡಿಗೆರೆಯಿಂದ:

ನಮಸ್ಕಾರ. ತೋಟದ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹೋದ ತಿಂಗಳು ಟೈಪ್-ಸಿ ಇರುವ ಮಾನಿಟರ್ ತಂದೆ. ಒಂದೇ ಕೇಬಲ್‌ನಲ್ಲಿ ಚಿತ್ರವೂ ಬರುತ್ತದೆ, ಚಾರ್ಜೂ ಆಗುತ್ತದೆ. ಮೇಲ್, ಮೀಟಿಂಗ್ ಅಷ್ಟೇ ಇದ್ದ ದಿನ ಬ್ಯಾಟರಿ ಬೆಳಿಗ್ಗೆಯಿಂದ ಸಂಜೆವರೆಗೆ 100ರಲ್ಲೇ ಇರುತ್ತದೆ, ಲ್ಯಾಪ್‌ಟಾಪ್ ತಳ ಬಿಸಿ. ವಿಡಿಯೊ ಎಡಿಟಿಂಗ್‌ಗೆ ಕೂತರೆ ಮಾತ್ರ ಕೇಬಲ್ ಇದ್ದರೂ ಇಳಿಯುತ್ತದೆ, ನಿನ್ನೆ ಎರಡು ಗಂಟೆಯಲ್ಲಿ 83ಕ್ಕೆ ಬಂತು. ಮಾನಿಟರ್ ಕೆಟ್ಟಿದೆಯಾ? 80ಕ್ಕೆ ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ನಮ್ಮ ಕಡೆ ಮಳೆ ಹಿಡಿದರೆ ಮರ ಬಿದ್ದು ಲೈನ್ ಹೋಗುತ್ತದೆ, ಮತ್ತೆ ಕರೆಂಟ್ ಬಂದಾಗ ಬಂತು.

ಉತ್ತರ, ಹಾಸನದಿಂದ:

ಮಾನಿಟರ್ ಕೆಟ್ಟಿರುವುದಿಲ್ಲ ಸರ್. ಅದರ ಟೈಪ್-ಸಿ ಎಷ್ಟು ವ್ಯಾಟ್ ಕೊಡುತ್ತದೆ ನೋಡಿ, ಎಷ್ಟೋ ಮಾನಿಟರ್‌ಗಳಲ್ಲಿ 65 ಇರುತ್ತದೆ. ಆಮೇಲೆ ಲ್ಯಾಪ್‌ಟಾಪ್ ಜೊತೆ ಬಂದ ಅಡಾಪ್ಟರ್ ತಿರುಗಿಸಿ ಓದಿ. 20 ವೋಲ್ಟ್, 5 ಆಂಪ್ ಅಂತಿದ್ದರೆ 100 ವ್ಯಾಟ್ ಆಯಿತು. ಎಡಿಟಿಂಗ್‌ನಲ್ಲಿ ಲ್ಯಾಪ್‌ಟಾಪ್ ಜಾಸ್ತಿ ಎಳೆಯುತ್ತದೆ, ಮಾನಿಟರ್ ಕೊಡಲಾಗದ್ದನ್ನು ಬ್ಯಾಟರಿ ಕೊಡುತ್ತದೆ, ಅದಕ್ಕೇ ಇಳಿಯುವುದು. ಕೇಬಲ್ ಕೂಡ ನೋಡಿ. 3 ಆಂಪ್‌ನದ್ದಾದರೆ 60 ವ್ಯಾಟ್‌ಗಿಂತ ಜಾಸ್ತಿ ಹೋಗುವುದಿಲ್ಲ. ಎಡಿಟಿಂಗ್ ಹೊತ್ತಿನಲ್ಲಿ ಅಡಾಪ್ಟರನ್ನೂ ಸಿಕ್ಕಿಸಿ. ಟೈಪ್-ಸಿ ಕೀಳಬೇಡಿ, ಚಿತ್ರ ಅದರಲ್ಲೇ ಬರಲಿ.

ಇನ್ನು 100ರ ವಿಷಯ, ಇದನ್ನು ಸುಮ್ನೆ ಬಿಡಬೇಡಿ. ನನ್ನ ಹಳೇ ಲ್ಯಾಪ್‌ಟಾಪ್ ಮೂರು ವರ್ಷ ಹೀಗೇ ಇತ್ತು. ಒಂದು ದಿನ ಟಚ್‌ಪ್ಯಾಡ್ ಎಡಮೂಲೆ ಒತ್ತಿದರೆ ಕ್ಲಿಕ್ ಆಗಲಿಲ್ಲ, ಧೂಳು ಅಂದುಕೊಂಡು ಬ್ರಷ್ ಹಾಕಿದೆ. ವಾರದಲ್ಲಿ ಆ ಮೂಲೆಯ ಅಂಚು ಉಗುರಿಗೆ ತಾಗುವಷ್ಟು ಎದ್ದಿತ್ತು. ಅಂಗಡಿಯಲ್ಲಿ ಬಿಚ್ಚಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿದೆ! ಲಿಥಿಯಂ ಬ್ಯಾಟರಿ ಸದಾ ತುಂಬಿರುವುದು, ಜೊತೆಗೆ ಬಿಸಿ, ಎರಡೂ ಸೇರಿದರೆ ಬೇಗ ಸವೆಯುತ್ತದೆ. ಚಾರ್ಜ್ ಪೂರ್ತಿ ತುಂಬುವ ಮೊದಲೇ ನಿಲ್ಲಿಸಲು ಲೆನೊವೊದಲ್ಲಿ ಕನ್ಸರ್ವೇಶನ್ ಮೋಡ್, ಆಸುಸ್‌ನಲ್ಲಿ ಬ್ಯಾಟರಿ ಹೆಲ್ತ್ ಚಾರ್ಜಿಂಗ್ ಅಂತ ಇದೆ, ಉಳಿದವರದ್ದರಲ್ಲೂ ಕಂಪನಿಯ ಆ್ಯಪ್‌ನಲ್ಲೋ ಬಯೋಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್) ಹುಡುಕಿ.

ಮಳೆಗೆ ನನ್ನ ಲೆಕ್ಕ ಇಷ್ಟೇ: ಬೇಸಿಗೆ, ಚಳಿಗಾಲ 80 ಇರಲಿ. ಜೋರು ಮಳೆಯ ವಾರಗಳಲ್ಲಿ 100 ಮಾಡಿಕೊಳ್ಳಿ, ಬ್ಯಾಟರಿ ಇರುವುದೇ ಅದಕ್ಕೆ ಅಲ್ವಾ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಕರೆಂಟ್ ಹೋದ ತಕ್ಷಣ ಮಾನಿಟರ್ ಆಫ್ ಮಾಡಿ, ರೌಟರ್ ಮಾತ್ರ ಓಡಲಿ. ಮಾನಿಟರ್ ತಾನು ಉರಿಯುವುದರ ಜೊತೆ ಲ್ಯಾಪ್‌ಟಾಪ್‌ಗೂ ಚಾರ್ಜ್ ಕೊಡುತ್ತಾ ಇನ್ವರ್ಟರ್ ಬೇಗ ಖಾಲಿ ಮಾಡುತ್ತದೆ.

ಮತ್ತೆ ಮೂಡಿಗೆರೆಯಿಂದ:

ತುಂಬಾ ಥ್ಯಾಂಕ್ಸ್ ಸರ್. ಕೇಬಲ್ ತಲೆಯ ಮೇಲೆ ಸಣ್ಣಗೆ 60 ವ್ಯಾಟ್ ಅಂತಲೇ ಇತ್ತು. ಅಡಾಪ್ಟರ್ ಸಿಕ್ಕಿಸಿ ಎಡಿಟ್ ಮಾಡಿದೆ, ಒಂದು ಪರ್ಸೆಂಟೂ ಇಳಿಯಲಿಲ್ಲ. ಟಚ್‌ಪ್ಯಾಡ್ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಸಮ ಇದೆ. ಮೂರು ದಿನ 80ರಲ್ಲಿ ನಿಂತಿತ್ತು, ತಳದ ಬಿಸಿಯೂ ಕಡಿಮೆ. ಇವತ್ತು ಚಾರ್ಮಾಡಿ ಕಡೆ ಮೋಡ ಕಟ್ಟಿದೆ, ಈಗಷ್ಟೇ 100ಕ್ಕೆ ಏರಿಸಿದೆ.