ವಿ4 ಡಾಂಗಲ್‌ನಲ್ಲಿ 765 ಕೇಳುತ್ತಿಲ್ಲ, ಅನುಭವ ಇದ್ದವರು ತಿಳಿಸಿ

ಪ್ರಶ್ನೆ, ಹುಬ್ಬಳ್ಳಿ ವಿದ್ಯಾನಗರದಿಂದ:
ಉಬುಂಟು 22.04ರಲ್ಲಿ ಆಪ್ಟ್ (ಪ್ಯಾಕೇಜ್ ಹಾಕುವ ಆದೇಶ) ಮೂಲಕ ರೇಡಿಯೋ ತಂತ್ರಾಂಶ ಗ್ನೂ ರೇಡಿಯೋ 3.10 ಹಾಗೂ ಅದಕ್ಕೆ ಡಾಂಗಲ್ ಬೆಸೆಯುವ ಜಿಆರ್-ಆಸ್ಮೋಎಸ್‌ಡಿಆರ್ ಹಾಕಿ, ಕಂಪ್ಯೂಟರಿನಲ್ಲಿ ರೇಡಿಯೋ ಹಿಡಿಯುವ ಯುಎಸ್‌ಬಿ ಸಾಧನವಾದ ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್ ವಿ4 ಡಾಂಗಲ್ ಜೋಡಿಸಿದ್ದೇನೆ. ಟರ್ಮಿನಲ್‌ನಲ್ಲಿ ‘ಪಿಎಲ್‌ಎಲ್ ನಾಟ್ ಲಾಕ್ಡ್’ (ಟ್ಯೂನರ್ ಆವರ್ತನಕ್ಕೆ ಕಚ್ಚಿಕೊಂಡಿಲ್ಲ) ಎಂದು ಪದೇ ಪದೇ ಬರುತ್ತದೆ. ಅಡುಗೆಮನೆಯ ಹಳೆಯ ಟ್ರಾನ್ಸಿಸ್ಟರಿನಲ್ಲಿ ಗಟ್ಟಿಯಾಗಿ ಕೇಳುವ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಜ್ ಇದರಲ್ಲಿ ಸುಳಿಯುವುದೇ ಇಲ್ಲ. ತಯಾರಕರ ಡ್ರೈವರನ್ನು ಸೋರ್ಸ್‌ನಿಂದ ಹಾಕಿದ ಮೇಲೂ ಅದೇ ಗತಿ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಬೇಕೇ?

ಗದಗದಿಂದ:
ಹೊಸ ಆವೃತ್ತಿಯ ಸಹವಾಸ ಎಂಥದು ಎಂಬುದನ್ನು ನನ್ನಷ್ಟು ಉಂಡವರು ಕಡಿಮೆ. 2019ರಲ್ಲಿ ಗ್ನೂ ರೇಡಿಯೋ 3.8 ಬಂದಾಗ ಪೈಥಾನ್ 2ರ ಜೊತೆಗೆ ಪೈಥಾನ್ 3 ಬಂತು, ಬ್ಲಾಕ್‌ಗಳ (ಜೋಡಿಸಿ ರೇಡಿಯೋ ಕಟ್ಟುವ ತುಣುಕುಗಳ) ವಿವರದ ಕಡತ ಎಕ್ಸ್‌ಎಂಎಲ್‌ನಿಂದ ಯಾಮಲ್‌ಗೆ ಬದಲಾಯಿತು, ತೆರೆಯ ಮೇಲೆ ನಕ್ಷೆ ತೋರಿಸುತ್ತಿದ್ದ ಹಳೆಯ ಡಬ್ಲ್ಯುಎಕ್ಸ್ ಕಿಟಕಿಗಳನ್ನು ಕಿತ್ತುಹಾಕಿದರು. ನಾನೇ ಬರೆದ ಹನ್ನೊಂದು ಬ್ಲಾಕ್‌ಗಳಲ್ಲಿ ಒಂದೂ ಏಳಲಿಲ್ಲ. ಇಪ್ಪತ್ತಮೂರು ಸಂಜೆ ಕುಳಿತು ನಾಲ್ಕನ್ನು ಸರಿಪಡಿಸಿದೆ. ಉಳಿದ ಏಳಕ್ಕೆ ಕೈಮುಗಿದು, 9,500 ರೂಪಾಯಿಗೆ ಹಳೆಯ ಲ್ಯಾಪ್‌ಟಾಪ್ ಕೊಂಡು, ಅದರಲ್ಲಿ ಉಬುಂಟು 18.04 ಹಾಗೂ 3.7 ಇಟ್ಟುಕೊಂಡಿದ್ದೇನೆ. ಚಾರ್ಜರ್‌ಗೆ ಬೇರೆ 650 ಆಯಿತು. ಅದಕ್ಕೆ ಇಂಟರ್ನೆಟ್ ಕೊಡುವುದೇ ಇಲ್ಲ, ಅಂದಿನಿಂದ ಒಂದು ಸಲವೂ ಕೆಟ್ಟಿಲ್ಲ.

ಹಾವೇರಿಯಿಂದ:
ಲ್ಯಾಪ್‌ಟಾಪ್ ಕೊಳ್ಳುವ ಅಗತ್ಯವೇ ಇರಲಿಲ್ಲ. ಗ್ನೂ ರೇಡಿಯೋ, ಅದರ ಲೈಬ್ರರಿಗಳು ಎಲ್ಲವೂ ಒಂದೇ ಕಟ್ಟಿನಲ್ಲಿ ಬರುವ ರೇಡಿಯೋಕೊಂಡಾ ಹಾಕಿಕೊಂಡರೆ ಸಿಸ್ಟಮ್‌ನ ಲೈಬ್ರರಿಗಳ ಗೊಡವೆ ಇರುವುದಿಲ್ಲ. ನನ್ನದು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕ್. ಇಳಿಸುವಾಗ ಎರಡು ಸಲ ಡೇಟಾ ಮುಗಿದು, ಮೂರನೆಯ ದಿನ ಬೆಳಗಿನ ಐದಕ್ಕೆ ಎದ್ದು ಮುಗಿಸಿದೆ. ಸಿಸ್ಟಮ್‌ನಲ್ಲಿ ಕಟ್ಟಿದ್ದ ನನ್ನ ಬ್ಲಾಕ್ ಕೊಂಡಾದ ಒಳಗೆ ಕಾಣಲಿಲ್ಲ ಎಂಬುದು ನಿಜ. ಅದನ್ನು ಅಲ್ಲಿಯೇ ಮತ್ತೆ ಕಟ್ಟಬೇಕಾಯಿತು. ಅದೇನು ದೊಡ್ಡ ಮಾತಲ್ಲ.

ಧಾರವಾಡದಿಂದ:
ಕೇಳಿದ್ದು ವಿ4ರ ವಿಷಯ, ಇಲ್ಲಿ ಲ್ಯಾಪ್‌ಟಾಪ್ ಮತ್ತು ಡೇಟಾ ಪ್ಯಾಕಿನ ಲೆಕ್ಕ ನಡೆದಿದೆ. ಇದರಲ್ಲಿರುವುದು ಆರ್828ಡಿ ಟ್ಯೂನರ್. 28.8 ಮೆಗಾಹರ್ಟ್ಜ್‌ಗಿಂತ ಕೆಳಗಿನದನ್ನು ಒಳಗಿನ ಅಪ್‌ಕನ್ವರ್ಟರ್ ಮೇಲಕ್ಕೆತ್ತಿ ಕೊಡುತ್ತದೆ, ಉಬುಂಟು 22.04ರಲ್ಲಿ ಡಾಂಗಲ್ ನಡೆಸುವ ಡ್ರೈವರ್ ಲೈಬ್ರರಿಯಾದ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್‌ಗೆ ಆ ವ್ಯವಸ್ಥೆಯ ಪರಿಚಯವೇ ಇಲ್ಲ. ನಾನೂ ಹೊಸದನ್ನು ಕಟ್ಟುವ ಮೊದಲು ಹಳೆಯದನ್ನು ಆಪ್ಟ್‌ನಿಂದ ಅಳಿಸಿದೆ. ಅದು ಹೋಗುವಾಗ ಜಿಆರ್-ಆಸ್ಮೋಎಸ್‌ಡಿಆರ್ ಹಾಗೂ ರೇಡಿಯೋ ಕೇಳುವ ಪ್ರೋಗ್ರಾಂ ಜಿಕ್ಯುಆರ್‌ಎಕ್ಸ್ ಎರಡನ್ನೂ ಎಳೆದುಕೊಂಡು ಹೋಯಿತು. ಅವನ್ನು ಮತ್ತೆ ಹಾಕಿದರೆ ಹಳೆಯ ಲೈಬ್ರರಿಯೇ ಹಿಂಬಾಲಿಸಿ ಬಂತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಇದೇ ಸುತ್ತನ್ನು ಮೂರು ಸಲ ಸುತ್ತಿ ಎರಡು ಭಾನುವಾರ ಕಳೆದ ಮೇಲೆ ತಿಳಿದದ್ದು ಇಷ್ಟು: ಅಳಿಸುವುದೇ ಬೇಡ. ತಯಾರಕರ ಡ್ರೈವರ್ ಯುಎಸ್‌ಆರ್ ಲೋಕಲ್ ಫೋಲ್ಡರಿನಲ್ಲಿ ಕುಳಿತ ಬಳಿಕ, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಆದೇಶ ಓಡಿಸಬೇಕು. ಆಮೇಲೆ ಆಸ್ಮೋಎಸ್‌ಡಿಆರ್‌ನ ಲೈಬ್ರರಿಯ ಮೇಲೆ ಎಲ್‌ಡಿಡಿ ಆದೇಶ ಹಾಕಿ, ಅದು ಹಳೆಯ, ಹೊಸ ಡ್ರೈವರ್ ಎರಡರಲ್ಲಿ ಯಾವುದನ್ನು ಹಿಡಿದಿದೆ ಎಂದು ಕಣ್ಣಾರೆ ನೋಡಬೇಕು. 3.7 ಅನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವವರಿಗೆ ಈ ಕಷ್ಟ ಬರುವುದಿಲ್ಲ, ಒಪ್ಪುತ್ತೇನೆ.

ಗದಗದಿಂದ:
ಧಾರವಾಡದವರು ಎರಡು ಭಾನುವಾರ ಕಳೆದುಕೊಂಡು ಕಲಿತದ್ದನ್ನು ಉಪದೇಶವನ್ನಾಗಿ ಮಾಡಿಕೊಂಡಿದ್ದಾರೆ. 3.9ರಲ್ಲಿ ಸಿ++ ಕೋಡನ್ನು ಪೈಥಾನ್‌ಗೆ ಬೆಸೆಯುವ ಸ್ವಿಗ್ ತೆಗೆದು ಅದರ ಜಾಗಕ್ಕೆ ಪೈಬೈಂಡ್11 ತಂದಾಗ ಹೊರಗಿನ ಮಾಡ್ಯೂಲ್ ಬರೆದವರೆಲ್ಲ ಮತ್ತೊಮ್ಮೆ ಅತ್ತರಲ್ಲ, ಆಗ ನನ್ನ ಪೆಟ್ಟಿಗೆ ಶಾಂತವಾಗಿತ್ತು.

ಹಾವೇರಿಯಿಂದ:
ಆ ಪೆಟ್ಟಿಗೆಗೆ ವಿ4 ಚುಚ್ಚಿದರೆ ಅಲ್ಲಿಯೂ ಹಳೆಯ ಡ್ರೈವರೇ ಅಲ್ಲವೇ, ಸರ್?

ಗದಗದಿಂದ:
ನನ್ನದು ಹಿಂದಿನ ಮಾದರಿಯ ವಿ3 ಡಾಂಗಲ್. ನಾನು ವಿ4 ಕೊಂಡೇ ಇಲ್ಲ, ಕೊಳ್ಳುವುದೂ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್‌ಡಿಡಿ ಹಾಕಿ ನೋಡಿದೆ, ಹಳೆಯ ಲೈಬ್ರರಿಯನ್ನೇ ತೋರಿಸಿತು. ನಾನು ಎಲ್‌ಡಿಕಾನ್ಫಿಗ್ ಓಡಿಸಿರಲಿಲ್ಲ. ಓಡಿಸಿದ ಮೇಲೆ 765 ಬಂತು, ತುಸು ಗುಂಯ್‌ಗುಡುತ್ತದೆ.

ಹಾವೇರಿಯಿಂದ:
ಕೊಂಡಾದಲ್ಲಿ ಹಾಕಿದ್ದರೆ ಈ ಹುಡುಕಾಟವೇ ಇರುತ್ತಿರಲಿಲ್ಲ.

ಧಾರವಾಡದಿಂದ:
ನಿಮ್ಮ ಕೊಂಡಾದ ಒಳಗಿರುವ ಲಿಬ್‌ಆರ್‌ಟಿಎಲ್‌ಎಸ್‌ಡಿಆರ್ ಯಾವ ಆವೃತ್ತಿಯದು ಎಂದು ಮೊದಲು ನೋಡಿ ಹೇಳಿ, ಆಮೇಲೆ ಮಾತನಾಡೋಣ.