ಗುರಿ ಇಟ್ಟರೂ ಹುಡುಗರು ಅಭ್ಯಾಸಕ್ಕೆ ಬರುತ್ತಿಲ್ಲ, ಏನು ಮಾಡಲಿ?

ಹೊಸ ಕೋಚ್:
18 ವರ್ಷದೊಳಗಿನವರ ರಗ್ಬಿ ತಂಡಕ್ಕೆ ಕೋಚ್ ಆಗಿ ಇದು ನನ್ನ ಮೊದಲ ಸೀಸನ್. ಶುರುವಲ್ಲಿ ಎಲ್ಲರೂ ಸೇರಿ ಲೀಗ್ ಗೆಲ್ಲಲೇಬೇಕು ಅಂತ ಗುರಿ ಇಟ್ಟುಕೊಂಡೆವು. ಎರಡು ಪಂದ್ಯ ಸೋತೆವು ನೋಡಿ, ಈಗ 15 ಜನ ಆಡುವ ಆಟಕ್ಕೆ ಅಭ್ಯಾಸದಲ್ಲಿ 13 ಜನ. ಬೈದರೆ ಇವರೂ ಬಿಟ್ಟು ಹೋಗುತ್ತಾರೇನೋ ಅಂತ ಭಯ.

ಫ್ಲ್ಯಾಂಕರ್ 7:
ಸರ್, ಗೆಲ್ಲೋದು ಪೂರ್ತಿ ನಮ್ಮ ಕೈಲಿಲ್ಲ, ಎದುರಿಗೂ ಒಂದು ತಂಡ ಇರುತ್ತೆ ಅಲ್ವಾ. ನಮ್ಮ ಕೈಲಿರೋದನ್ನೇ ಗುರಿ ಮಾಡಿ. ನಮ್ಮ ಕೋಚ್ ನನಗೆ ಒಂದೇ ಮಾತು ಹೇಳಿದ್ದರು: ಟ್ಯಾಕಲ್ ಮಾಡಿ, ಅಂದರೆ ಚೆಂಡು ಹಿಡಿದವನನ್ನು ತಬ್ಬಿ ಕೆಡವಿ, ನೀನೂ ಬಿದ್ದರೆ ಮೂರು ಸೆಕೆಂಡಲ್ಲಿ ಎದ್ದು ನಿಲ್ಲು. ವಿಡಿಯೋ ಹಾಕಿಕೊಂಡು ನಾನೇ ಎಣಿಸಿದೆ. ಮೊದಲ ಪಂದ್ಯದಲ್ಲಿ 11 ಟ್ಯಾಕಲ್‌ಗೆ 4 ಸಲ ಮಾತ್ರ ಎದ್ದಿದ್ದೆ, ಉಳಿದಾಗೆಲ್ಲ ನೆಲದ ಮೇಲೆ ಮಲಗಿಯೇ ರಕ್ (ನೆಲದಲ್ಲಿರೋ ಚೆಂಡಿಗಾಗಿ ಎರಡೂ ತಂಡದವರ ನೂಕಾಟ) ನೋಡುತ್ತಿದ್ದೆ. ಆ ಲೆಕ್ಕ ಒಂದು ಏರಿದರೂ ಸಾಕು, ಸೋತ ದಿನವೂ ಮತ್ತೆ ಮೈದಾನಕ್ಕೆ ಹೋಗುವ ಮನಸ್ಸಾಗುತ್ತಿತ್ತು.

ಹಳೇ ಪ್ರಾಪ್:
ಬರದವರಿಗೆ ಫೋನ್ ಮಾಡಿ ಕಾರಣ ಕೇಳಿ, ಸುಮ್ನೆ ಸೋಮಾರಿ ಅಂದುಕೊಳ್ಳಬೇಡಿ. ಒಮ್ಮೆ ಸ್ಕ್ರಮ್ (ಚೆಂಡಿಗಾಗಿ ಎರಡೂ ತಂಡದವರು ಹೆಗಲು ಕೊಟ್ಟು ಎದುರುಬದುರು ತಳ್ಳುವ ಗುಂಪು) ಕುಸಿದು ಕುತ್ತಿಗೆ ಉಳುಕಿದಾಗ ನಾನು ಹೆದರಿ ಮೂರು ವಾರ ತಪ್ಪಿಸಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಬೆಂಚಲ್ಲಿ ಕೂರುವವರಿಗೆ ಯಾವಾಗ ಇಳಿಸುತ್ತೀರಿ ಅಂತಲೂ ಮೊದಲೇ ತಿಳಿಸಿ.

ಹೊಸ ಕೋಚ್:
ಇವತ್ತು ನಾಲ್ವರ ಹತ್ತಿರ ಮಾತಾಡಿದೆ. ಒಬ್ಬನಿಗೆ ಪರೀಕ್ಷೆ, ಇಬ್ಬರಿಗೆ ಆಡಲು ಅವಕಾಶ ಸಿಗಲ್ಲ ಅನ್ನೋ ಬೇಸರ. ಇನ್ನೊಬ್ಬನಿಗೆ ಟ್ಯಾಕಲ್ ಭಯವಂತೆ. ನಾಳೆ ಅವನ ಜೊತೆ ಮಂಡಿಯೂರಿ ಟ್ಯಾಕಲ್ ಮಾಡೋದರಿಂದ ಶುರು ಮಾಡುತ್ತೇನೆ.