ಕಾಳುಮೆಣಸಿನ ಕಸಿ ಕಟ್ಟೋದು ಕಲೀಬೇಕು, ಬದಲಿಗೆ ಲೆಕ್ಕಪತ್ರ ಕಲಿಸ್ತೀನಿ – ಹೀಗೆ ಕೇಳಿದ್ರೆ ತಪ್ಪಾಗತ್ತಾ?

ತೋಟಕ್ಕೆ_ವಾಪಸ್
ನಮಸ್ಕಾರ ಎಲ್ರಿಗೂ. ಶಿರಸಿ ಕಡೆಯವಳು ನಾನು, ಬೆಂಗಳೂರಲ್ಲಿ ಅಕೌಂಟ್ಸ್ ಕೆಲ್ಸದಲ್ಲಿದ್ದೆ, ಈಗ ಅಪ್ಪನಿಗೆ ಆಗಲ್ಲ ಅಂತ ತೋಟ ನೋಡ್ಕೊಳ್ಳೋಕೆ ಊರಿಗೆ ಬಂದಿದೀನಿ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ ಚೆನ್ನಾಗೇ ಇರತ್ತೆ, ಮಳೆ ಜೋರಾದಾಗ ಸೊರಗು ರೋಗ ಬಂತು ಅಂದ್ರೆ ಬುಡ ಕೊಳೆತು, ಎಲೆ ಜೋತುಬಿದ್ದು ನೋಡನೋಡ್ತಾ ಹೋಗೇಬಿಡತ್ತೆ. ಹಿಪ್ಪಲಿ ಗಿಡಕ್ಕೆ ಮೆಣಸು ಕಸಿ ಕಟ್ಟಿದ್ರೆ ಬುಡ ಕೊಳೆಯಲ್ಲ ಅಂತ ಎಲ್ರೂ ಹೇಳ್ತಾರೆ. ನಮ್ಮ ಪಕ್ಕದೂರಲ್ಲಿ ಒಬ್ರು ಹಿರಿಯರು ಮನೆ ಅಂಗಳದಲ್ಲೇ ಕಟ್ಟಿ ಗಿಡ ಮಾರ್ತಾರೆ, ಅವ್ರ ಕೈಗುಣ ದೊಡ್ಡದು. ಗಿಡ ತಗೋಬಹುದು, ಆದ್ರೆ ನಂಗೆ ಕಟ್ಟೋದೇ ಕಲೀಬೇಕು. ದುಡ್ಡು ಕೊಡ್ತೀನಿ ಕಲಿಸಿ ಅಂತ ಕೇಳೋಕೆ ನಾಚಿಕೆ, ಬೇಜಾರು ಮಾಡ್ಕೊಂಡ್ರೆ? ನಂಗೆ ಗೊತ್ತಿರೋದು ಲೆಕ್ಕ, ಎಕ್ಸೆಲ್, ಮೊಬೈಲ್ ಪೇಮೆಂಟು, ಪಹಣಿ ತೆಗೆಯೋದು, ಬೆಳೆ ಸಮೀಕ್ಷೆ ಆ್ಯಪಲ್ಲಿ ಫೋಟೋ ಹಾಕೋದು ಇಂಥವು. ಇದ್ನ ಅವ್ರಿಗೆ ಹೇಳ್ಕೊಟ್ಟು ಅದ್ನ ಕಲಿಯೋಣ ಅಂತ. ಯಾರಾದ್ರೂ ಹೀಗೆ ಮಾಡಿದೀರಾ, ಹೇಗೆ ಕೇಳಿದ್ರಿ?

ಹಿಪ್ಪಲಿ_ಭಟ್ಟ
ತಂಗಿ, ಕಲಿಸಿ ಅಂತ ಕೇಳ್ಬೇಡ, ಮುಯ್ಯಿಗೆ, ಅಂದ್ರೆ ಕೆಲ್ಸಕ್ಕೆ ಬದಲಿ ಕೆಲ್ಸ ಅಂತ, ಬರ್ತೆ ಅನ್ನು. ಕಸಿ ಕಟ್ಟೋ ಟೈಮಲ್ಲಿ ಅವ್ರಿಗೆ ಕೈ ಸಾಲೋದಿಲ್ಲ, ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ಕೊಡೋಕೆ, ಗಿಡ ನೆಡೋ ಪ್ಲಾಸ್ಟಿಕ್ ಕೊಟ್ಟೆಗೆ (ಚೀಲಕ್ಕೆ) ಮಣ್ಣು ತುಂಬೋಕೆ ಜನ ಬೇಕೇ ಬೇಕು. ಪಕ್ಕದಲ್ಲಿ ಕೂತು ಅದ್ನ ಮಾಡ್ತಾ ಅವ್ರ ಬೆರಳು ನೋಡು, ಬಾಯಲ್ಲಿ ಕೇಳಿದ್ರೆ ಅವ್ರಿಗೂ ಹೇಳೋಕೆ ಬರಲ್ಲ, ಕೈಗೆ ಮಾತ್ರ ಗೊತ್ತು.

ಹೋಗೋಕೆ ಮುಂಚೆ ಇಷ್ಟು ತಿಳ್ಕೊಂಡಿರು. ಹಿಪ್ಪಲಿ ಅಂದ್ರೆ ಔಷಧಿ ಹಿಪ್ಪಲಿ ಅಲ್ಲ, ದಕ್ಷಿಣ ಅಮೆರಿಕದಿಂದ ಬಂದ ಜಾತಿ, ಒದ್ದೆ ಜಾಗದಲ್ಲೇ ಬೆಳೆಯೋದು, ಅದ್ಕೇ ಅದರ ಬೇರು ಕೊಳೆ ತಡ್ಕೊಳ್ಳೋದು. ಹಿಪ್ಪಲಿ ಕಾಂಡದ ತಲೆ ಹಾರಿಸಿ ನಡುವೆ ಸೀಳಬೇಕು, ಮೆಣಸಿನ ಕುಡಿಯ ಬುಡ ಎರಡೂ ಕಡೆಯಿಂದ ಇಳಿಜಾರಾಗಿ ಚೂಪು ಮಾಡಿ ಆ ಸೀಳಿಗೆ ಕೂರಿಸಬೇಕು, ಎರಡರದ್ದೂ ದಪ್ಪ ಒಂದೇ ಇರ್ಬೇಕು, ಇಲ್ಲಾಂದ್ರೆ ಒಂದು ಬದಿಯ ಸಿಪ್ಪೆಯಾದ್ರೂ ಸಿಪ್ಪೆಗೆ ತಾಗ್ಬೇಕು. ಆಮೇಲೆ ಪಟ್ಟಿ ಬಿಗಿಯಾಗಿ ಸುತ್ತಿ, ತಲೆ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ನೆರಳಲ್ಲಿಡೋದು. ಮುಖ್ಯ ಸಂಗತಿ, ಕುಡಿ ಯಾವುದ್ರಿಂದ ತಗೊಳ್ತೆ ಅನ್ನೋದು. ಮರ ಹತ್ತೋ ಬಳ್ಳಿ ಬೇಕು ಅಂದ್ರೆ ಹಬ್ಬು ಬಳ್ಳಿಯ ಕುಡಿಯೇ ಆಗ್ಬೇಕು, ಫಲ ಬಿಡೋ ಪಕ್ಕದ ರೆಂಬೆ ಕಟ್ಟಿದ್ರೆ ಅದು ಹತ್ತೋದೇ ಇಲ್ಲ, ಪೊದೆ ಮೆಣಸಾಗಿ ಕುಂಡದಲ್ಲೇ ಕೂರ್ತು. ನೆಡುವಾಗ ಕಸಿ ಕೂಡಿದ ಜಾಗ ಮಣ್ಣಿಂದ ಮೇಲೇ ಇರ್ಲಿ, ಮಣ್ಣು ಮುಚ್ಚಿದ್ರೆ ಮೆಣಸೇ ಬೇರು ಬಿಟ್ಟು ಕಸಿ ಕಟ್ಟಿದ್ದೇ ದಂಡ. ಬೇಸಿಗೆಲಿ ನೀರು ತಪ್ಪಿಸೋ ಹಾಗಿಲ್ಲ.

ರೊಕ್ಕಾ_ಮೊದಲು
ನಾನು ಸ್ವಲ್ಪ ಬೇರೆ ಮಾತಾಡ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಆ ಹಿರಿಯರಿಗೆ ಕಸಿ ಹವ್ಯಾಸ ಅಲ್ಲ, ಹೊಟ್ಟೀಪಾಡು. ನೀವು ಕಲ್ತು ನಾಳೆ ನಿಮ್ಮೂರಾಗ ಗಿಡ ಮಾರಾಕ ಹತ್ತಿದ್ರ ಅವರ ಗಿರಾಕಿ ಹೋದ್ವಲ್ಲ? ಅದಕ್ಕ ಮೊದಲೇ ಹೇಳಿಬಿಡ್ರಿ, ನಮ್ಮ ತೋಟಕ್ಕಷ್ಟೇ ಅಂತ. ಇನ್ನೊಂದು, ಎಕ್ಸೆಲ್ ಅವರಿಗೆ ಬೇಕೋ ಬ್ಯಾಡೋ ಕೇಳೀರೇನು? ನಮಗ ಬರೋದನ್ನ ಮಂದಿಗೆ ಕೊಟ್ಟು ಅದನ್ನೇ ಬದಲಿ ಅನ್ನೋದು ಸುಲಭ. ಬರೇ ಕಲೀಬೇಕು ಅಂದ್ರ ಶಿರಸಿ ಕೃಷಿ ವಿಜ್ಞಾನ ಕೇಂದ್ರದಾಗ ವಿಚಾರಿಸ್ರಿ, ಇಲ್ಲಾ ಉಜಿರೆ ರುಡ್‌ಸೆಟ್, 1982ರಿಂದ ಹಳ್ಳಿ ಹುಡುಗರಿಗೆ ಊಟ ವಸತಿ ಕೊಟ್ಟು ಪುಕ್ಕಟೆ ಕಸಬು ಕಲಿಸ್ತಾರ, ಕಸಿ ಇರ್ತದೋ ಇಲ್ಲೋ ಫೋನ್ ಹಚ್ಚಿ ಕೇಳ್ರಿ.

ಸೂಜಿದಾರ_ಮೈಸೂರು
ಮೇಲಿನವ್ರು ಹೇಳಿದ್ದು ಅರ್ಧ ಸರಿ. ನಮ್ಮ ಬೀದೀಲಿ ನಾನು ಎದುರುಮನೆ ಅಕ್ಕಂಗೆ ಬ್ಲೌಸ್ ಕಟಿಂಗ್ ಹೇಳ್ಕೊಟ್ಟೆ, ಅವ್ರು ನಂಗೆ ಸ್ಕೂಟರ್ ಕಲಿಸಿದ್ರು, ಗಂಟೆಗೆ ಗಂಟೆ ಲೆಕ್ಕ ಯಾರೂ ಇಟ್ಟಿಲ್ಲ. ಆದ್ರೆ ಒಂದು ಕಂಡೀಷನ್ ಹಾಕಿದ್ದೆ, ನಾನು ಅವ್ರ ಬ್ಲೌಸ್ ಹೊಲ್ಕೊಡಲ್ಲ, ಅವ್ರೇ ಕತ್ರಿ ಹಿಡೀಬೇಕು ಅಂತ. ಮೊದಲ ಸಲ ಹಳೇ ಲುಂಗಿ ಮೇಲೆ ಅವ್ರ ಕೈಲೇ ಕತ್ತರಿಸೋಕೆ ಹೇಳ್ದೆ, ಡಾಟ್ (ಮಡಿಚಿ ಹೊಲಿಯೋ ಜಾಗ) ಎಲ್ಲಿ ಬರ್ಬೇಕೋ ಅಲ್ಲಿ ಚಾಕ್ ಗುರುತು ಹಾಕಿ ಕೈ ಬಿಟ್ಟುಬಿಟ್ಟೆ. ನೀವೂ ಅಷ್ಟೇ, ಅವ್ರ ಪಹಣಿ ನೀವೇ ತೆಗ್ದು ಕೊಟ್ರೆ ಅದು ಉಪಕಾರ ಆಯ್ತು, ಪ್ರತಿ ಸಲ ನಿಮ್ಮನ್ನೇ ಕರೀತಾರೆ, ಅವ್ರಿಗೆ ಏನೂ ಬರಲ್ಲ. ಫೋನ್ ಅವ್ರ ಕೈಯಲ್ಲಿರ್ಲಿ, ಒತ್ತೋದು ಅವ್ರೇ ಒತ್ಲಿ. ಅವ್ರಿಗೆ ಆಸಕ್ತಿ ಇಲ್ದಿದ್ರೆ ಮನೆಯವ್ರನ್ನ ಕೇಳಿ, ಗಿಡ ಮಾರಿದ ದುಡ್ಡಿನ ಲೆಕ್ಕ ಬರೆಯೋದು ಎಷ್ಟೋ ಮನೇಲಿ ಹೆಂಗಸ್ರೇ.

ತೋಟಕ್ಕೆ_ವಾಪಸ್
ಎಲ್ರಿಗೂ ಥ್ಯಾಂಕ್ಸ್. ಲೆಕ್ಕದ ವಿಷ್ಯ ನಿಜ, ಅವ್ರಿಗೆ ಬೇಕಾ ಅಂತ ಕೇಳೇ ಇಲ್ಲ ನಾನು. ನಿನ್ನೆ ಹೋಗಿ ಬಂದೆ. ಮಾವ ಅಂತ ಕರ್ದು, ಪಟ್ಟಿ ಕತ್ತರಿಸೋಕೆ ಬರ್ಲಾ, ನಮ್ಮ ತೋಟಕ್ಕಷ್ಟೇ ಕಲಿಯೋದು, ಮಾರೋಕಲ್ಲ ಅಂದೆ. ನಕ್ಕು, ಬಾ ಆದ್ರೆ ಮಾತಾಡ್ಬೇಡ ಅಂದ್ರು. ಅವ್ರ ಹೆಂಡ್ತಿ, ಅತ್ತೆಗೆ ವಾಟ್ಸಾಪಲ್ಲಿ ಬರೋ ಗಿಡದ ಆರ್ಡರ್ ಎಲ್ಲಾ ಕಲಸುಮೇಲೋಗರ ಆಗಿದ್ಯಂತೆ, ಯಾರಿಗೆ ಕೊಟ್ಟೆ ಯಾರದ್ದು ಬಾಕಿ ಅಂತ ಗೊತ್ತಾಗಲ್ವಂತೆ. ಅದೇ ಶುರು ಮಾಡ್ತೀವಿ. ಎಕ್ಸೆಲ್ ಅಲ್ಲ, ಒಂದು ನೋಟ್‌ಬುಕ್ ಸಾಕು ಅಂತ ಅನ್ನಿಸ್ತಿದೆ. ಭಟ್ರೇ, ಹಿಪ್ಪಲಿ ಗಿಡ ನಾನೇ ಬೆಳೆಸ್ಕೊಂಡು ಹೋದ್ರೆ ಹೇಗೆ? ಅವ್ರ ಗಿಡ ಹಾಳು ಮಾಡೋಕೆ ಮನಸ್ಸಿಲ್ಲ.

ಹಿಪ್ಪಲಿ_ಭಟ್ಟ
ಒಳ್ಳೇದೇ ಆತು. ಅವ್ರ ತೋಟದ ಕಾಲುವೆ ಪಕ್ಕ ಬೆಳೆದಿರೋದ್ರಿಂದ ಒಂದಷ್ಟು ಕಡ್ಡಿ ಕೇಳು, ಎರಡು ಮೂರು ಗಂಟು ಇರೋ ಹಾಗೆ ತುಂಡು ಮಾಡಿ ಕೊಟ್ಟೆಲಿ ಹಾಕಿ ನೆರಳಲ್ಲಿಡು, ಮಣ್ಣು ಒಣಗೋಕೆ ಬಿಡ್ಬೇಡ, ಬೇರು ಸಲೀಸಾಗಿ ಬತ್ತು. ಕಾಂಡ ಪೆನ್ಸಿಲ್ ದಪ್ಪ ಆಗೋ ತನಕ ಕಾಯಿ. ಬ್ಲೇಡು ಹೊಸ್ದೇ ತಗೊಂಡು ಹೋಗು, ಮೊಂಡು ಬ್ಲೇಡಲ್ಲಿ ಸೀಳಿದ್ರೆ ಕಾಂಡ ಜಜ್ಜಿಹೋಗಿ ಕಸಿ ಹಿಡಿಯೋದಿಲ್ಲೆ.